ಫುಟ್‌ಪಾತ್ ಇಲ್ಲದ ಬಡಾವಣೆಯ ರಸ್ತೆಯಲ್ಲಿ ಯಾರು ಯಾರಿಗೆ ದಾರಿ ಬಿಡಬೇಕು?

ಸೇಡಂ ರಸ್ತೆಯ ನಿವಾಸಿ (ಚರ್ಚೆ ಆರಂಭಿಸಿದವರು):

ಕಲಬುರಗಿಯ ಸೇಡಂ ರಸ್ತೆಗೆ ಹೊಂದಿಕೊಂಡಿರುವ ನಮ್ಮ ಬಡಾವಣೆಯ ಒಳರಸ್ತೆಗೆ ಕಾಂಕ್ರೀಟ್ ಹಾಕಿದ ಮೇಲೆ ಧೂಳು ಹೋಯಿತು, ಮಳೆಗಾಲದಲ್ಲಿ ಚಪ್ಪಲಿಗೆ ಅಂಟುತ್ತಿದ್ದ ಎರೆಮಣ್ಣಿನ ಕೆಸರೂ ಹೋಯಿತು. ಆದರೆ ಗುಂಡಿಗಳಿಗೆ ಹೆದರಿ ನಿಧಾನವಾಗಿ ಬರುತ್ತಿದ್ದ ವಾಹನಗಳು ಈಗ ಮುಖ್ಯರಸ್ತೆಯ ವೇಗದಲ್ಲಿಯೇ ಒಳಗೆ ನುಗ್ಗುತ್ತಿವೆ. ವರ್ತುಲ ರಸ್ತೆಯ ಕಡೆಗೆ ಹೋಗುವವರು ವೃತ್ತದ ಸಿಗ್ನಲ್ ತಪ್ಪಿಸಲು ಇದನ್ನೇ ಅಡ್ಡದಾರಿ ಮಾಡಿಕೊಂಡಿದ್ದಾರೆ. ಕಾಂಪೌಂಡಿನಿಂದ ಕಾಂಪೌಂಡಿಗೆ ರಸ್ತೆಯ ಅಗಲ ಸುಮಾರು 20 ಅಡಿ. ಎರಡೂ ಬದಿಗೆ ಕಾರು ನಿಂತರೆ ನಡುವೆ ಉಳಿಯುವುದು 8 ಅಡಿ. ಹಾಲಿಗೆ ಹೋಗುವವರು, ಟ್ಯೂಷನ್ನಿನಿಂದ ಬರುವ ಮಕ್ಕಳು, ತರಕಾರಿಯ ತಳ್ಳುಗಾಡಿ, ನೀರಿನ ಟ್ಯಾಂಕರ್, ಪಾಲಿಕೆಯ ಕಸದ ಗಾಡಿ, ಎಲ್ಲವೂ ಆ 8 ಅಡಿಯಲ್ಲಿಯೇ ಓಡಾಡಬೇಕು.

ಬೇಸಿಗೆಯಲ್ಲಿ ಹಗಲು 40 ಡಿಗ್ರಿ ದಾಟುವ ಊರಿನಲ್ಲಿ ವಯಸ್ಸಾದವರು ಕಾಲಾಡಿಸಲು, ಮಕ್ಕಳು ಆಟವಾಡಲು ಹೊರಬರುವುದು ಹೊತ್ತು ಮುಳುಗಿದ ಮೇಲೆಯೇ. ಕಚೇರಿ, ಅಂಗಡಿ, ಕೋಚಿಂಗ್ ಮುಗಿಸಿ ವಾಹನಗಳು ಮನೆಗೆ ಮರಳುವುದೂ ಅದೇ ಹೊತ್ತಿನಲ್ಲಿ. ಸಂಜೆ 6ರಿಂದ 8ರವರೆಗಿನ ಈ ಗುದ್ದಾಟ ನಮ್ಮ ಭಾಗದ ಬಡಾವಣೆಗಳ ವಿಶೇಷ ತೊಂದರೆಯೆಂದು ನನಗೆ ಅನ್ನಿಸುತ್ತದೆ. ತಂಪು ಊರುಗಳಲ್ಲಿ ನಡೆಯುವ ಹೊತ್ತು ದಿನವಿಡೀ ಹಂಚಿಹೋಗಿರುತ್ತದೆ.

ಇಂತಹ ರಸ್ತೆಯಲ್ಲಿ ಫುಟ್‌ಪಾತ್ ಕಟ್ಟಲು ಜಾಗವೇ ಇಲ್ಲ. ಹಾಗಾದರೆ ನಡೆಯುವವರು ಗೋಡೆಗೆ ಒತ್ತಿಕೊಂಡು ನಿಲ್ಲಬೇಕೋ, ಅಥವಾ ವಾಹನ ಸವಾರರು ನಡೆಯುವವರ ಹಿಂದೆ ಅವರ ನಡಿಗೆಯ ವೇಗಕ್ಕೆ ಇಳಿಯಬೇಕೋ? ಎರಡನೆಯದೇ ನಿಯಮವಾಗಬೇಕು ಎಂಬುದು ನನ್ನ ವಾದ. ಅದನ್ನು ನಮ್ಮ ಕಾನೂನಿನೊಳಗೆ ಹೇಗೆ ತರಬಹುದು, ತಂದರೆ ಯಾರಿಗೆ ಯಾವ ತೊಂದರೆ ಎಂಬುದನ್ನು ತಿಳಿದವರು ಇಲ್ಲಿ ಬರೆಯಬೇಕೆಂದು ಕೋರುತ್ತೇನೆ.

ಜರ್ಮನಿಯಲ್ಲಿರುವ ಕಲಬುರಗಿಯವನು:

ನಾನು ಹುಟ್ಟಿ ಬೆಳೆದದ್ದು ಬ್ರಹ್ಮಪುರದಲ್ಲಿ, ಈಗ ಇರುವುದು ಜರ್ಮನಿಯಲ್ಲಿ. ತಾವು ಕೇಳಿದ ಎರಡನೆಯ ನಿಯಮ ಇಲ್ಲಿ 1980ರಿಂದ ಕಾನೂನಾಗಿದೆ. ನೀಲಿ ಫಲಕವೊಂದರಲ್ಲಿ ದೊಡ್ಡವರೊಬ್ಬರು, ಚೆಂಡು ಒದೆಯುತ್ತಿರುವ ಮಗು, ಒಂದು ಮನೆ ಮತ್ತು ಒಂದು ಕಾರಿನ ಚಿತ್ರ ಇರುತ್ತದೆ. ಆ ಫಲಕ ದಾಟಿದ ಮೇಲೆ ರಸ್ತೆಯ ಇಡೀ ಅಗಲವನ್ನು ನಡೆಯುವವರು ಬಳಸಬಹುದು, ಮಕ್ಕಳು ಎಲ್ಲಿ ಬೇಕಾದರೂ ಆಡಬಹುದು. ವಾಹನಗಳು ನಡಿಗೆಯ ವೇಗದಲ್ಲಿ ಮಾತ್ರ ಹೋಗಬೇಕು, ಅಗತ್ಯ ಬಿದ್ದರೆ ನಿಂತು ಕಾಯಬೇಕು. ಗುರುತು ಹಾಕಿದ ಜಾಗ ಬಿಟ್ಟು ಬೇರೆಲ್ಲಿಯೂ ವಾಹನ ನಿಲ್ಲಿಸುವಂತಿಲ್ಲ. ಜನರನ್ನು ಇಳಿಸಲು, ಹತ್ತಿಸಲು, ಸಾಮಾನು ಇಳಿಸಲು ಮಾತ್ರ ವಿನಾಯಿತಿ ಇದೆ. ಆ ಪ್ರದೇಶದಿಂದ ಹೊರಬಂದು ಸಾಮಾನ್ಯ ರಸ್ತೆಗೆ ಸೇರುವಾಗ ಅಲ್ಲಿ ಹೋಗುತ್ತಿರುವ ಎಲ್ಲರಿಗೂ ದಾರಿ ಬಿಟ್ಟ ಮೇಲೆಯೇ ಮುಂದೆ ಹೋಗಬೇಕು.

ಇದರೊಂದಿಗೆ ಸೇರಿರುವ ಇನ್ನೊಂದು ಸಾಲನ್ನು ಬಹಳ ಜನ ಮರೆಯುತ್ತಾರೆ. ನಡೆಯುವವರು ವಾಹನಗಳಿಗೆ ಅನಗತ್ಯವಾಗಿ ಅಡ್ಡಿ ಮಾಡಬಾರದು ಎಂದೂ ಅದೇ ನಿಯಮ ಹೇಳುತ್ತದೆ. ಆಡುತ್ತಿರುವ ಮಕ್ಕಳು ಗಾಡಿ ಬಂದಾಗ ಬದಿಗೆ ಸರಿಯುತ್ತಾರೆ, ಆದರೆ ಅವರು ಸರಿಯುವವರೆಗೆ ಗಾಡಿಯವನು ಹಾರ್ನ್ ಒತ್ತದೆ ಕಾಯುತ್ತಾನೆ.

ಈ ಕಲ್ಪನೆ ಮೊದಲು ಬೇರೂರಿದ್ದು ನೆದರ್ಲೆಂಡ್ಸ್‌ನ ಡೆಲ್ಫ್ಟ್ ನಗರದಲ್ಲಿ, 1960ರ ದಶಕದ ಕೊನೆಯಲ್ಲಿ. 1976ರಲ್ಲಿ ಅಲ್ಲಿನ ಸರ್ಕಾರ ಅದಕ್ಕೆ ಕಾನೂನಿನ ಮಾನ್ಯತೆ ನೀಡಿತು. ಸ್ವಿಟ್ಜರ್ಲೆಂಡ್ 2002ರಲ್ಲಿ, ಫ್ರಾನ್ಸ್ 2008ರಲ್ಲಿ ಗಂಟೆಗೆ 20 ಕಿ.ಮೀ. ಮಿತಿಯೊಂದಿಗೆ ಇದೇ ಬಗೆಯ ವಲಯಗಳನ್ನು ತಂದವು. ರಷ್ಯಾದಲ್ಲಿ ವಸತಿ ವಲಯದೊಳಗೆ 20 ಕಿ.ಮೀ. ಮಿತಿಯ ಜೊತೆಗೆ ಅಡ್ಡದಾರಿಯಾಗಿ ಹಾಯ್ದುಹೋಗುವುದನ್ನೂ, ಚಾಲನೆ ಕಲಿಸುವುದನ್ನೂ, ಎಂಜಿನ್ ಚಾಲೂ ಇಟ್ಟುಕೊಂಡು ನಿಲ್ಲುವುದನ್ನೂ ನಿಷೇಧಿಸಿದ್ದಾರೆ. ತಮ್ಮ ಬಡಾವಣೆಯ ಅಡ್ಡದಾರಿಯ ತೊಂದರೆಗೆ ರಷ್ಯಾದ ಈ ನಿಯಮವೇ ಹೆಚ್ಚು ಹತ್ತಿರ ಎನಿಸುತ್ತದೆ.

ವಕೀಲ, ಕಲಬುರಗಿ:

ನಮ್ಮ 1988ರ ಮೋಟಾರು ವಾಹನಗಳ ಕಾಯ್ದೆಯಲ್ಲಿ ವಸತಿ ವಲಯವೆಂಬ ಪ್ರತ್ಯೇಕ ವರ್ಗ ಇಲ್ಲ. ಆದ್ದರಿಂದ ಜರ್ಮನಿಯ ಫಲಕವನ್ನು ನಾವೇ ಬರೆಸಿ ಓಣಿಯ ಬಾಯಿಗೆ ನೆಟ್ಟರೆ ಅದಕ್ಕೆ ಬೆಲೆ ಬರುವುದಿಲ್ಲ. ಅಷ್ಟೇ ಅಲ್ಲ, ಕಲಂ 116ರ ಪ್ರಕಾರ ಸಂಚಾರ ಫಲಕ ನೆಡುವ ಅಧಿಕಾರ ಸರ್ಕಾರಕ್ಕೆ ಅಥವಾ ಸರ್ಕಾರ ಅಧಿಕಾರ ಕೊಟ್ಟ ಪ್ರಾಧಿಕಾರಕ್ಕೆ ಮಾತ್ರ ಇರುವುದರಿಂದ, ನಿವಾಸಿಗಳು ತಾವಾಗಿ ನೆಟ್ಟ ಫಲಕವೇ ಕಾನೂನುಬಾಹಿರವಾಗುತ್ತದೆ.

ಹಾಗೆಂದು ದಾರಿ ಮುಚ್ಚಿಲ್ಲ. ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಯಾವುದೇ ರಸ್ತೆ ಅಥವಾ ಓಣಿ, ಅದು ಇನ್ನೊಂದು ರಸ್ತೆಗೆ ಸೇರಲಿ ಬಿಡಲಿ, ಕಾಯ್ದೆಯ ದೃಷ್ಟಿಯಲ್ಲಿ ಸಾರ್ವಜನಿಕ ಸ್ಥಳವೇ. ಸಾರ್ವಜನಿಕ ಸುರಕ್ಷತೆಗಾಗಿ ಅಥವಾ ರಸ್ತೆಯ ಸ್ವರೂಪದ ಕಾರಣಕ್ಕಾಗಿ ನಿರ್ದಿಷ್ಟ ರಸ್ತೆಗೆ ಕಡಿಮೆ ವೇಗಮಿತಿ ನಿಗದಿಪಡಿಸಲು ಕಲಂ 112 ಅವಕಾಶ ಕೊಡುತ್ತದೆ. ನಿರ್ದಿಷ್ಟ ವರ್ಗದ ವಾಹನಗಳನ್ನು ನಿರ್ಬಂಧಿಸಲು ಕಲಂ 115 ಇದೆ. 2019ರ ತಿದ್ದುಪಡಿಯಲ್ಲಿ ಸೇರಿಸಿದ ಕಲಂ 138(1ಎ) ಸಾರ್ವಜನಿಕ ಸ್ಥಳಗಳಲ್ಲಿ ಪಾದಚಾರಿಗಳ ಮತ್ತು ಯಂತ್ರರಹಿತ ವಾಹನಗಳ ಓಡಾಟದ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ನೀಡಿದೆ. ಆ ನಿಯಮಗಳನ್ನು ರೂಪಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ರಾಜ್ಯಗಳಿಗೆ ನಿರ್ದೇಶನ ನೀಡಿತು. ಈ ತುಣುಕುಗಳನ್ನು ಜೋಡಿಸಿದರೆ ತಾವು ಬಯಸುವ ರಸ್ತೆ ಬಹುಮಟ್ಟಿಗೆ ಸಿಗುತ್ತದೆ.

ಇದರಲ್ಲಿ ತಮಗೆ ತಕ್ಷಣ ಉಪಯೋಗಕ್ಕೆ ಬರುವ ಅಂಶವೊಂದಿದೆ. ಕಲಂ 112 ಮತ್ತು 115ರ ನಿರ್ಬಂಧಗಳಿಗೆ ಸಾಮಾನ್ಯವಾಗಿ ರಾಜ್ಯಪತ್ರದಲ್ಲಿ ಅಧಿಸೂಚನೆ ಬೇಕು. ಆದರೆ ನಿರ್ಬಂಧ ಒಂದು ತಿಂಗಳನ್ನು ಮೀರದಿದ್ದರೆ ರಾಜ್ಯಪತ್ರದ ಅಗತ್ಯವಿಲ್ಲ. ಅಂದರೆ ಒಂದು ತಿಂಗಳ ಪ್ರಯೋಗವನ್ನು ಕೇಳುವುದು ಶಾಶ್ವತ ಆದೇಶವನ್ನು ಕೇಳುವುದಕ್ಕಿಂತ ಬಹಳ ಹಗುರ. ಮನವಿಯನ್ನು ನಗರ ಪೊಲೀಸ್ ಆಯುಕ್ತರಿಗೂ ಮಹಾನಗರ ಪಾಲಿಕೆಯ ಆಯುಕ್ತರಿಗೂ ಒಟ್ಟಿಗೇ ಕೊಡಿ, ಏಕೆಂದರೆ ಸಂಚಾರ ಒಬ್ಬರ ಕೈಯಲ್ಲಿದೆ, ರಸ್ತೆ ಇನ್ನೊಬ್ಬರ ಕೈಯಲ್ಲಿದೆ.

ವೇಗಮಿತಿಯ ಬಗ್ಗೆ ಒಂದು ಸಂಗತಿ ಗೊತ್ತಿರಲಿ. ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ ನಗರ ಮಿತಿಯೊಳಗೆ ಕಾರಿಗೆ 70, ದ್ವಿಚಕ್ರ ವಾಹನಕ್ಕೆ 60 ಕಿ.ಮೀ. ಗರಿಷ್ಠ ವೇಗ ನಿಗದಿಯಾಗಿತ್ತು. ರಾಜ್ಯವಾಗಲಿ ಪ್ರಾಧಿಕಾರವಾಗಲಿ ಅದಕ್ಕಿಂತ ಕಡಿಮೆ ಮಿತಿ ಹಾಕದಿದ್ದರೆ ತಮ್ಮ 8 ಅಡಿಯ ಓಣಿಗೂ ಕಾಗದದ ಮೇಲೆ ಕೇಂದ್ರದ ಮಿತಿಯೇ ಅನ್ವಯಿಸುತ್ತದೆ. ಅಪಾಯಕಾರಿ ಚಾಲನೆಗೆ ಕಲಂ 184 ಇದೆ ನಿಜ, ಆದರೆ ಅದು ಸಾಮಾನ್ಯವಾಗಿ ಅಪಘಾತವಾದ ಮೇಲೆ ಹೊರಬರುವ ಕಲಂ.

ಟಂಟಂ ಚಾಲಕ:

ಸರ್, ನಾನು ಜನರನ್ನು ಸಾಗಿಸುವ ಮೂರು ಚಕ್ರದ ಟಂಟಂ ಓಡಿಸಿ ಈ ರಸ್ತೆಗಳಲ್ಲಿಯೇ ದುಡಿದು ತಿನ್ನುವವನು, ಆದ್ದರಿಂದ ನನ್ನ ಕಡೆಯ ಮಾತನ್ನೂ ಕೇಳಬೇಕು. ಅಡ್ಡದಾರಿ ಹಿಡಿಯುವುದು ನಮಗೆ ಹವ್ಯಾಸವಲ್ಲ. ಮುಖ್ಯರಸ್ತೆಯಲ್ಲಿ ಡಿವೈಡರ್ ಕಟ್ಟಿದ ಮೇಲೆ ತಿರುವು ಬಹಳ ದೂರ ಹೋಯಿತು. ಎದುರಿನ ಆಸ್ಪತ್ರೆಗೆ ಹೋಗಬೇಕಾದ ಸವಾರಿಯನ್ನು ಸುತ್ತು ಹಾಕಿ ಕರೆದೊಯ್ದರೆ ಡೀಸೆಲ್ ನಮ್ಮ ಕಿಸೆಯಿಂದ ಹೋಗುತ್ತದೆ, ಸವಾರಿಯವರು ಹೆಚ್ಚಿನ ಬಾಡಿಗೆ ಕೊಡುವುದಿಲ್ಲ. ಮೊಣಕಾಲು ನೋವಿನ ಅಮ್ಮಂದಿರು ಗೇಟಿನ ಮುಂದೆಯೇ ಇಳಿಸಬೇಕೆಂದು ಕೇಳುತ್ತಾರೆ. ಹೊರಗಿನ ವಾಹನ ಬರಬಾರದು ಎಂಬ ಫಲಕ ಹಾಕಿದರೆ ಮೊದಲು ಪೊಲೀಸರು ತಡೆಯುವುದು ನಮ್ಮ ಗಾಡಿಯನ್ನೇ, ಏಕೆಂದರೆ ದೂರದಿಂದಲೇ ಗುರುತು ಸಿಗುವುದು ನಮ್ಮ ಗಾಡಿ. ಯಾರು ಮನೆಗೆ ಬಂದವರು, ಯಾರು ಹಾಯ್ದುಹೋಗುವವರು ಎಂದು ಗಾಡಿಯ ಮುಖ ನೋಡಿ ಹೇಳುವುದು ಹೇಗೆ?

ವೇಗದ ವಿಷಯದಲ್ಲಿ ನನ್ನ ಅನುಭವ ಹೇಳುತ್ತೇನೆ. ಈ ರಸ್ತೆಗಳಲ್ಲಿ ಎಲ್ಲರಿಗಿಂತ ಜೋರಾಗಿ ಹೋಗುವವರು ಇಲ್ಲಿನ ಮನೆಗಳ ಹುಡುಗರೇ. ದಾರಿ ಪರಿಚಯವಿದೆ ಎಂಬ ಧೈರ್ಯ ಅವರಿಗೆ. 20 ಕಿ.ಮೀ. ಮಿತಿ ಹಾಕಿ, ಎಲ್ಲರಿಗೂ ಒಂದೇ ಹಾಕಿ, ನಾನು ಮೊದಲು ಪಾಲಿಸುತ್ತೇನೆ. ತಡೆಯಬೇಕಾದದ್ದು ವೇಗವನ್ನು, ಗಾಡಿಯ ಬಗೆಯನ್ನಲ್ಲ.

ನಿವೃತ್ತ ಎಂಜಿನಿಯರ್:

ಟಂಟಂ ಚಾಲಕರು ಹೇಳಿದ್ದು ತಾಂತ್ರಿಕವಾಗಿಯೂ ಸರಿಯಾಗಿದೆ. ನಡುವೆ ಕಂಬ ನೆಟ್ಟು ಹಾಯ್ದುಹೋಗುವ ಕಾರುಗಳನ್ನು ತಡೆಯಬಹುದು, ಆದರೆ ಸೈಕಲ್ ದಾಟುವಷ್ಟು ಸಂದಿ ಬಿಟ್ಟರೆ ಬೈಕೂ ದಾಟುತ್ತದೆ. ಹಾಗಾಗಿ ಕಂಬಗಳಿಂದ ನಮ್ಮ ಊರಿನಲ್ಲಿ ಅರ್ಧ ಕೆಲಸ ಮಾತ್ರ ಆಗುತ್ತದೆ. ವೇಗ ಇಳಿಸುವುದೇ ಮುಖ್ಯ.

ವೇಗ ಏಕೆ ಮುಖ್ಯ ಎಂಬುದನ್ನು ಲೆಕ್ಕದಲ್ಲಿಯೇ ಇಡುತ್ತೇನೆ. ಕಣ್ಣಿಗೆ ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಹಿಡಿಯುತ್ತದೆ ಎಂದುಕೊಳ್ಳೋಣ, ರಸ್ತೆ ಒಣಗಿದೆ, ಬ್ರೇಕ್ ಚೆನ್ನಾಗಿದೆ ಎಂದೂ ಇಟ್ಟುಕೊಳ್ಳೋಣ. ಗಂಟೆಗೆ 20 ಕಿ.ಮೀ. ವೇಗದ ವಾಹನ ಸುಮಾರು 8 ಮೀಟರಿನೊಳಗೆ ನಿಲ್ಲುತ್ತದೆ. 30 ಕಿ.ಮೀ. ಇದ್ದರೆ 14 ಮೀಟರ್ ಬೇಕು, 40 ಕಿ.ಮೀ. ಇದ್ದರೆ 21 ಮೀಟರ್ ಬೇಕು. ನಿಂತ ಎರಡು ಕಾರುಗಳ ಸಂದಿಯಿಂದ ಮಗುವೊಂದು 10 ಮೀಟರ್ ಮುಂದೆ ಹೊರಬಂದರೆ, 20ರಲ್ಲಿ ಬರುವವನು ಮಗುವಿಗಿಂತ ಮೊದಲೇ ನಿಲ್ಲುತ್ತಾನೆ. 40ರಲ್ಲಿ ಬರುವವನ ಕಾಲು ಬ್ರೇಕ್ ಮುಟ್ಟುವ ಮೊದಲೇ ಗಾಡಿ 11 ಮೀಟರ್ ಸಾಗಿರುತ್ತದೆ, ಅಂದರೆ ವೇಗ ಸ್ವಲ್ಪವೂ ಇಳಿಯದೆ ಮಗುವಿಗೆ ಬಡಿಯುತ್ತದೆ. ಇಷ್ಟು ಅಪಾಯಕ್ಕೆ ಬದಲಾಗಿ ಸವಾರನಿಗೆ ಸಿಗುವ ಲಾಭ ಎಷ್ಟು? 300 ಮೀಟರ್ ಉದ್ದದ ಓಣಿಯನ್ನು 40ರಲ್ಲಿ 27 ಸೆಕೆಂಡಿಗೆ ದಾಟಬಹುದು, 20ರಲ್ಲಿ 54 ಸೆಕೆಂಡು ಬೇಕು. ಉಳಿತಾಯ ಅರ್ಧ ನಿಮಿಷವೂ ಇಲ್ಲ.

ಈಗ ಉಬ್ಬುಗಳ ವಿಷಯ. ಬಡಾವಣೆಯವರು ಉಳಿದ ಕಾಂಕ್ರೀಟನ್ನು ಅಡ್ಡಲಾಗಿ ಸುರಿದು ಗೇಣು ಅಗಲದ ದಿಮ್ಮಿಯಂತಹ ಉಬ್ಬು ಮಾಡಿಸುತ್ತಾರೆ. ಇದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ:99 ಮಾರ್ಗಸೂಚಿಯ 1988ರ ಆವೃತ್ತಿ ಹೇಳಿದ ಉಬ್ಬು 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಬಂದವನಿಗೆ ಅದು ನೋವು ಕೊಡುವುದಿಲ್ಲ, ಅದಕ್ಕಿಂತ ಜೋರಾಗಿ ಬಂದವನಿಗೆ ಮಾತ್ರ ಕುಲುಕುತ್ತದೆ. ಗೇಣು ಅಗಲದ ಉಬ್ಬಿನಲ್ಲಿ ಇದು ತಿರುಗುಮುರುಗು: ನಿಧಾನವಾಗಿ ಬರುವ ಆಂಬುಲೆನ್ಸಿನೊಳಗಿನ ರೋಗಿಯ ಬೆನ್ನು ಮುರಿಯುತ್ತದೆ, ಬೈಕಿನ ಹುಡುಗ ಬದಿಯ ಸಂದಿಯಿಂದ, ಅಂದರೆ ಜನ ನಡೆಯುವ ಜಾಗದಿಂದಲೇ, ನುಸುಳಿ ಹೋಗುತ್ತಾನೆ. ಕತ್ತಲಲ್ಲಿ ಕಾಣುವಂತೆ ಬಣ್ಣವಿಲ್ಲ, ಮುಂಚಿತವಾಗಿ ಎಚ್ಚರಿಸುವ ಫಲಕವಿಲ್ಲ.

ನನ್ನ ಸಲಹೆ ಬೇರೆ. ಮುಖ್ಯರಸ್ತೆಯಿಂದ ಓಣಿಗೆ ತಿರುಗುವ ಬಾಯಿಯಲ್ಲಿಯೇ ರಸ್ತೆಯನ್ನು ಫುಟ್‌ಪಾತಿನ ಮಟ್ಟಕ್ಕೆ ಏರಿಸಿ, ಐದಾರು ಮೀಟರ್ ಉದ್ದದ ಸಮತಟ್ಟು ವೇದಿಕೆ ಮಾಡಬೇಕು. ಮುಖ್ಯರಸ್ತೆಯ ಬದಿಯಲ್ಲಿ ನಡೆದು ಬರುವವರು ಇಳಿಯದೆ ಏರದೆ ನೇರವಾಗಿ ದಾಟುತ್ತಾರೆ, ವಾಹನವೇ ಏರಿ ಇಳಿಯಬೇಕಾಗುತ್ತದೆ. ಇದಕ್ಕೆ ಹೊರಗಿನ ಬ್ಲಾಕುಗಳೇ ಬೇಕೆಂದಿಲ್ಲ; ನಮ್ಮ ಜಿಲ್ಲೆಯದೇ ಆದ ಶಹಾಬಾದ್ ಕಲ್ಲು ಸಾಕು. ಆದರೆ ಪಾಲಿಶ್ ಮಾಡಿದ ಫರಸಿ ಮಳೆಯಲ್ಲಿ ಜಾರುತ್ತದೆ, ಒರಟು ಮುಖದ ಕಲ್ಲನ್ನೇ ದಪ್ಪವಾಗಿ ಕತ್ತರಿಸಿ ಹಾಸಬೇಕು. ವೇದಿಕೆಯ ಎರಡೂ ತುದಿಯಲ್ಲಿ ನೀರು ಚರಂಡಿಗೆ ಹೋಗಲು ಸಂದಿ ಬಿಡುವುದನ್ನು ಮರೆತರೆ ಮೊದಲ ಮಳೆಗೇ ಓಣಿ ಕೆರೆಯಾಗುತ್ತದೆ, ಆಮೇಲೆ ನಿವಾಸಿಗಳೇ ಅದನ್ನು ಒಡೆಸುತ್ತಾರೆ.

ಒಳಗೆ ಬಂದ ಮೇಲೆ ನೇರ ನೋಟವನ್ನು ಮುರಿಯಬೇಕು. ನಿಲುಗಡೆಯ ಜಾಗವನ್ನು ಒಂದಷ್ಟು ದೂರ ಎಡಕ್ಕೆ, ಮುಂದೆ ಒಂದಷ್ಟು ದೂರ ಬಲಕ್ಕೆ ಗುರುತು ಹಾಕಿದರೆ ವಾಹನ ತಾನಾಗಿ ಓರೆಯಾಗಿ ತಿರುಗಬೇಕಾಗುತ್ತದೆ. ಆ ತಿರುವಿನ ಮೂಲೆಗಳಲ್ಲಿ ಬೇವು ಅಥವಾ ಹೊಂಗೆಯ ಸಸಿ ನೆಟ್ಟರೆ ನಮ್ಮ ಬಿಸಿಲಿಗೆ ನೆರಳೂ ಸಿಗುತ್ತದೆ. ಒಂದು ಬದಿಗೆ ಮಾತ್ರ ಕಾರು ನಿಂತರೆ 14 ಅಡಿ ತೆರವಾಗಿ ಉಳಿಯುತ್ತದೆ, ಅಗ್ನಿಶಾಮಕ ವಾಹನಕ್ಕೂ 108ರ ಆಂಬುಲೆನ್ಸಿಗೂ ಈಗಿಗಿಂತ ಸುಲಭವಾಗುತ್ತದೆ.

ಬೀದರ್‌ನ ಹಳೆ ಊರಿನವನು:

ಹಳೆಯ ಕಾವಲು ಗೋಪುರವಾದ ಚೌಬಾರಾದ ಸುತ್ತಲಿನ ನಮ್ಮ ಗಲ್ಲಿಗಳಿಗೆ ಯಾವ ಫಲಕವೂ ಇಲ್ಲ. ಆದರೂ ಗಲ್ಲಿಯೊಳಗೆ ಯಾರೂ 20 ದಾಟುವುದಿಲ್ಲ, ಏಕೆಂದರೆ ತಿರುವಿನ ಆಚೆ ಏನಿದೆ ಎಂದು ಕಾಣುವುದಿಲ್ಲ ಮತ್ತು ಮನೆಯ ಬಾಗಿಲುಗಳು ನೇರವಾಗಿ ದಾರಿಗೇ ತೆರೆಯುತ್ತವೆ. ಮಹಮೂದ್ ಗಾವಾನ್ ಮದರಸಾದ ಮುಂದಿನ ದಾರಿ ಅಗಲವಾಗುತ್ತಿದ್ದಂತೆ ಅದೇ ಸವಾರರು ವೇಗ ಏರಿಸುತ್ತಾರೆ. ಎಂಜಿನಿಯರ್ ಕಾಕಾ ಅವರು ಹೇಳಿದ ಓರೆ ತಿರುವು ಹೊಸ ಬಡಾವಣೆಗಳಿಗೆ ಹೊರಗಿನಿಂದ ತರಬೇಕಾದ ವಿದ್ಯೆಯಲ್ಲ, ನಮ್ಮ ಹಳೆಯ ಊರುಗಳಲ್ಲಿ ಇರುವುದೇ. ಆದರೆ ಹಳೆ ಗಲ್ಲಿಗಳನ್ನು ಹೊಗಳುವಾಗ ಒಂದು ಮಾತು ಸೇರಿಸಬೇಕು: ಅಲ್ಲಿ ಆಂಬುಲೆನ್ಸ್ ಬರುವುದಿಲ್ಲ, ರೋಗಿಯನ್ನು ಹೊತ್ತು ತರಬೇಕು. ಆದ್ದರಿಂದ ಅಗಲವನ್ನು ಉಳಿಸಿಕೊಂಡು ನೋಟವನ್ನು ಮಾತ್ರ ಮುರಿಯುವ ವಿಧಾನವೇ ಸರಿ.

ಶಾಲಾ ಶಿಕ್ಷಕಿ:

ಟಂಟಂ ಓಡಿಸುವ ಅಣ್ಣನವರು ಬಡಾವಣೆಯ ಹುಡುಗರ ಬಗ್ಗೆ ಹೇಳಿದ ಮಾತು ನನ್ನನ್ನು ಇಲ್ಲಿ ಬರೆಯುವಂತೆ ಮಾಡಿತು. ಒಂಬತ್ತು, ಹತ್ತನೆಯ ತರಗತಿಯ ಮಕ್ಕಳು ಸ್ಕೂಟಿಯ ಮೇಲೆ ಮೂವರು ಕುಳಿತು ಟ್ಯೂಷನ್ನಿಗೆ ಹೋಗುವುದು ನಮ್ಮ ಊರಿನಲ್ಲಿ ಯಾರ ಕಣ್ಣಿಗೂ ತಪ್ಪಾಗಿ ಕಾಣುತ್ತಿಲ್ಲ. ಪೋಷಕರ ಸಭೆಯಲ್ಲಿ ಕೇಳಿದರೆ, ಮುಖ್ಯರಸ್ತೆಗೆ ಕಳುಹಿಸುವುದಿಲ್ಲ, ಒಳರಸ್ತೆಯಲ್ಲಿ ಮಾತ್ರ ಓಡಿಸುತ್ತಾನೆ ಎಂದು ಸಮಾಧಾನ ಹೇಳುತ್ತಾರೆ. ಅವರು ಸುರಕ್ಷಿತವೆಂದು ಭಾವಿಸಿದ ಅದೇ ಒಳರಸ್ತೆಯಲ್ಲಿ ಮೂರು ವರ್ಷದ ಮಗು ಗೇಟು ತೆರೆದು ಹೊರಬರುತ್ತದೆ.

ವಕೀಲರು ಬರೆದ ಕಲಂಗಳ ಜೊತೆಗೆ ಕಲಂ 199ಎ ಅನ್ನೂ ಪೋಷಕರು ಓದಬೇಕು. ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಸೆರೆಮನೆ ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಚಾಲನಾ ಪರವಾನಗಿ ಇಲ್ಲ. ಒಳರಸ್ತೆಗೆ ಇದರಿಂದ ವಿನಾಯಿತಿ ಇಲ್ಲ, ಏಕೆಂದರೆ ಅದೂ ಸಾರ್ವಜನಿಕ ಸ್ಥಳವೇ ಎಂದು ಮೇಲೆ ಹೇಳಲಾಗಿದೆ.

ಆಟದ ವಿಷಯದಲ್ಲಿಯೂ ನಿಯಮ ಬೇಕು. ರಸ್ತೆಗೆ ಅಡ್ಡಲಾಗಿ ಕಲ್ಲಿಟ್ಟು ವಿಕೆಟ್ ಮಾಡಿ, ಗಾಡಿ ಬಂದರೂ ಓವರ್ ಮುಗಿಯುವವರೆಗೆ ಸರಿಯದ ಹುಡುಗರನ್ನು ನಾನು ಸಮರ್ಥಿಸುವುದಿಲ್ಲ. ಜರ್ಮನಿಯಿಂದ ಬರೆದವರು ಹೇಳಿದಂತೆ ಆಡುವ ಹಕ್ಕು ಮತ್ತು ಅಡ್ಡಿ ಮಾಡದಿರುವ ಹೊಣೆ ಎರಡನ್ನೂ ಮಕ್ಕಳಿಗೆ ಒಟ್ಟಿಗೇ ಕಲಿಸಬೇಕು. ಮದುವೆಯ ಪೆಂಡಾಲಿನಿಂದ ಮೂರು ದಿನ ಇಡೀ ರಸ್ತೆ ಮುಚ್ಚುವ ಹಿರಿಯರಿಗೂ ಆ ಪಾಠ ಬೇಕು.

ದೃಷ್ಟಿಯಿಲ್ಲದ ಓದುಗ:

ನಾನು ಬಿಳಿ ಕೋಲು ಹಿಡಿದು ನಡೆಯುವವನು, ಈ ಚರ್ಚೆಯನ್ನು ಫೋನ್ ಓದಿ ಹೇಳಿದ ಮೇಲೆ ಬರೆಯುತ್ತಿದ್ದೇನೆ. ನಡೆಯುವವರೂ ವಾಹನಗಳೂ ಹಂಚಿಕೊಂಡ ರಸ್ತೆಯ ಯೋಜನೆಯಲ್ಲಿ ನನ್ನಂಥವರಿಗೆ ಎರಡು ಭಯಗಳಿವೆ. ನೋಡುವವರು ವಾಹನ ಚಾಲಕರೊಂದಿಗೆ ಕಣ್ಣಿನಲ್ಲಿಯೇ ಮಾತಾಡಿಕೊಂಡು ದಾರಿ ಹಂಚಿಕೊಳ್ಳುತ್ತಾರೆ. ನನಗೆ ಆ ಮಾತು ಇಲ್ಲ. ಫುಟ್‌ಪಾತಿನ ಅಂಚನ್ನು ಕೋಲಿನಿಂದ ಮುಟ್ಟಿ ನೇರ ನಡೆಯುವ ನಾನು, ಎಲ್ಲವೂ ಒಂದೇ ಮಟ್ಟವಾದರೆ ರಸ್ತೆಯ ನಡುವೆ ಹೋಗಿ ನಿಂತದ್ದು ನನಗೇ ತಿಳಿಯುವುದಿಲ್ಲ. ಎರಡನೆಯದು, ವಿದ್ಯುತ್ ಸ್ಕೂಟರುಗಳು ಸದ್ದಿಲ್ಲದೆ ಬರುತ್ತವೆ.

ಆದ್ದರಿಂದ ಕಾಂಪೌಂಡಿನ ಬದಿಗೆ ಒಂದು ಕಡೆಯಾದರೂ ಯಾವ ವಾಹನವೂ, ಯಾವ ಮೆಟ್ಟಿಲೂ, ಯಾವ ಹೂಕುಂಡವೂ ಬರದ ಪಟ್ಟಿಯೊಂದನ್ನು ಒರಟು ಕಲ್ಲಿನಿಂದ ಗುರುತಿಸಿ ಕೊಡಿ. ಕೋಲಿಗೆ ಮತ್ತು ಪಾದಕ್ಕೆ ಅದು ಗೊತ್ತಾಗುತ್ತದೆ. ಪೂರ್ಣ ಪ್ರಮಾಣದ ಫುಟ್‌ಪಾತಿಗೆ ಐಆರ್‌ಸಿ:103 ಹೇಳುವ ಕನಿಷ್ಠ 1.8 ಮೀಟರ್ ತೆರವು ಅಗಲ ತಮ್ಮ ಓಣಿಯಲ್ಲಿ ಸಿಗಲಾರದು, ಆದರೆ ಒಬ್ಬ ಮನುಷ್ಯ ನೇರವಾಗಿ ನಡೆಯುವಷ್ಟು ಸಿಗುತ್ತದೆ. ಗೇಟಿನ ರ‍್ಯಾಂಪನ್ನು ರಸ್ತೆಗೆ ಚಾಚಿ ಕಟ್ಟಿದ ಮನೆಗಳೇ ಈ ಪಟ್ಟಿಗೆ ಮೊದಲ ಅಡ್ಡಿಯಾಗುತ್ತವೆ ಎಂಬುದನ್ನು ನಿವಾಸಿಗಳು ಈಗಲೇ ಮನಸ್ಸಿಗೆ ತಂದುಕೊಳ್ಳಬೇಕು.

ವಕೀಲ, ಕಲಬುರಗಿ:

ಮೇಲಿನವರ ಮಾತಿಗೆ ನನ್ನ ಪೂರ್ಣ ಬೆಂಬಲವಿದೆ, ಮತ್ತು ಅದಕ್ಕೆ ಸೇರಿಸಬೇಕಾದ ಎಚ್ಚರಿಕೆಯೊಂದಿದೆ. ಹಂಚಿಕೊಂಡ ರಸ್ತೆಯ ನಿಯಮ ಮನೆಗಳ ನಡುವಿನ ಕಿರಿದಾದ, ವಾಹನ ಕಡಿಮೆ ಇರುವ ದಾರಿಗೆ ಮಾತ್ರ ಹೊಂದುತ್ತದೆ. ಜೇವರ್ಗಿ ರಸ್ತೆ, ಆಳಂದ ರಸ್ತೆ, ಸೂಪರ್ ಮಾರ್ಕೆಟ್ ಸುತ್ತಲಿನ ರಸ್ತೆಗಳಿಗೆ ಫುಟ್‌ಪಾತೇ ಬೇಕು. ಎಲ್ಲರೂ ಹೊಂದಿಕೊಂಡು ಹೋಗಿ ಎಂಬ ಮಾತು ಅಲ್ಲಿ ಫುಟ್‌ಪಾತ್ ಕಟ್ಟದಿರುವುದಕ್ಕೆ ನೆಪವಾಗಬಾರದು. ಮನವಿಯಲ್ಲಿ ರಸ್ತೆಯ ಹೆಸರು, ಎರಡು ತುದಿಗಳು ಮತ್ತು ಅಗಲವನ್ನು ಸ್ಪಷ್ಟವಾಗಿ ಬರೆದು, ಅದಷ್ಟಕ್ಕೇ ಕೇಳಿ.

ದಂಡದ ಬಗ್ಗೆ ಕೆಲವರು ನನಗೆ ಪ್ರತ್ಯೇಕವಾಗಿ ಕೇಳಿದ್ದಾರೆ. ಮಿತಿ ಮೀರಿದ ವೇಗಕ್ಕೆ ಕಲಂ 183ರ ಅಡಿ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿ ದಂಡವಿದೆ. ಆದರೆ ಒಬ್ಬ ಸಾಕ್ಷಿ ತನ್ನ ಅಂದಾಜಿನಲ್ಲಿ ಅವನು ಜೋರಾಗಿ ಬಂದ ಎಂದು ಹೇಳಿದ ಮಾತ್ರಕ್ಕೆ ಶಿಕ್ಷೆ ಕೊಡುವಂತಿಲ್ಲ. ಆ ಅಂದಾಜಿಗೆ ಯಾಂತ್ರಿಕ ಅಥವಾ ಎಲೆಕ್ಟ್ರಾನಿಕ್ ಸಾಧನದ ಆಧಾರ ಬೇಕೆಂದು ಅದೇ ಕಲಂ ಹೇಳುತ್ತದೆ. ಪ್ರತಿ ಓಣಿಗೂ ವೇಗ ಅಳೆಯುವ ಯಂತ್ರ ಬರುವುದಿಲ್ಲ. ಆದ್ದರಿಂದಲೇ ಎಂಜಿನಿಯರ್ ಅವರ ಕಲ್ಲಿನ ವೇದಿಕೆ ನನ್ನ ಕಲಂಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ ಎಂದು ನಾನು ನಂಬುತ್ತೇನೆ. ಅನಗತ್ಯ ಹಾರ್ನಿಗೆ ಮಾತ್ರ ಕಲಂ 194ಎಫ್ ಅಡಿ ಮೊದಲ ಸಲ 1,000, ಮತ್ತೆ ಮಾಡಿದರೆ 2,000 ರೂಪಾಯಿ ದಂಡವಿದೆ, ಅದನ್ನು ಸಾಬೀತುಪಡಿಸುವುದು ಸುಲಭ.

ಕಿರಾಣಿ ಅಂಗಡಿಯವರು:

ಎಲ್ಲರೂ ನಡೆಯುವವರ ಪರವಾಗಿ ಬರೆದಿದ್ದೀರಿ, ನನ್ನ ಗಿರಾಕಿಗಳೂ ನಡೆದೇ ಬರುತ್ತಾರೆ, ಆದ್ದರಿಂದ ನನಗೆ ವಿರೋಧವಿಲ್ಲ. ಆದರೆ ನಿಲುಗಡೆಯ ಗೆರೆ ಒಂದೇ ಬದಿಗೆ ಎಂದರೆ ಯಾರ ಮನೆಯ ಮುಂದೆ? ಈ ಪ್ರಶ್ನೆಯಲ್ಲಿಯೇ ಇಂತಹ ಕೆಲಸಗಳು ನಿಂತುಹೋಗುತ್ತವೆ. ಕಾರು ನಿಲ್ಲಿಸಲೆಂದು ನಕ್ಷೆಯಲ್ಲಿ ತೋರಿಸಿದ ಜಾಗವನ್ನು ಬಾಡಿಗೆಗೆ ಕೊಟ್ಟು, ಕಾರನ್ನು ರಸ್ತೆಗೆ ಬಿಟ್ಟ ಮನೆಗಳು ಎಷ್ಟಿವೆ ಎಂದು ನಮಗೆಲ್ಲ ತಿಳಿದಿದೆ. ಗಂಜ್ ಮಾರುಕಟ್ಟೆಯಿಂದ ನನ್ನ ಅಕ್ಕಿ, ಬೇಳೆಯ ಮಾಲು ತರುವ ಗಾಡಿ ಅರ್ಧ ಗಂಟೆ ನಿಲ್ಲಲೇಬೇಕು. ಅದಕ್ಕೆ ಜಾಗ ಎಲ್ಲಿ ಎಂದು ಮನವಿಯಲ್ಲಿ ಬರೆಯದಿದ್ದರೆ ನಾನು ಸಹಿ ಹಾಕುವುದು ಕಷ್ಟ.

ಸೇಡಂ ರಸ್ತೆಯ ನಿವಾಸಿ:

ಅಂಗಡಿಯ ಕಾಕಾ ಅವರ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣವಾದದ್ದು, ಆದ್ದರಿಂದ ಅದನ್ನು ಮೊದಲು ತೆಗೆದುಕೊಳ್ಳುತ್ತೇನೆ. ಎಡ ಬಲ ಬದಲಾಗುತ್ತ ಹೋಗುವ ಗುರುತಿನಲ್ಲಿ ಭಾರ ಒಂದೇ ಬದಿಯವರ ಮೇಲೆ ಬೀಳುವುದಿಲ್ಲ ಎಂಬುದು ಎಂಜಿನಿಯರ್ ಅವರ ವಿಧಾನದ ದೊಡ್ಡ ಅನುಕೂಲ. ತಮ್ಮ ಅಂಗಡಿಯ ಮುಂದಿನ ಒಂದು ಗುರುತನ್ನು ಮಾಲು ಇಳಿಸುವುದಕ್ಕೆಂದೇ ಇಡೋಣ. ಸಂಜೆಯ ಹೊತ್ತು ಬಿಟ್ಟು, ಬೆಳಿಗ್ಗೆ ಮಾಲು ತರಿಸಿಕೊಳ್ಳಲು ತಾವು ಒಪ್ಪುವುದಾದರೆ ಅದನ್ನೂ ಬರೆಯುತ್ತೇನೆ. ಮನೆಯ ಕಾರು ಮನೆಯೊಳಗೆ ಎಂಬ ಸಾಲು ಕೆಲವರಿಗೆ ನೋಯಬಹುದು, ಆದರೂ ಅದು ಮನವಿಯಲ್ಲಿ ಇರಬೇಕು. ಸಾರ್ವಜನಿಕ ರಸ್ತೆಯಲ್ಲಿ ಹೊರಗಿನವರು ನಿಧಾನವಾಗಿ ಬರಲಿ ಎಂದು ಕೇಳುವ ನಾವು ಅದೇ ರಸ್ತೆಯ ಅರ್ಧವನ್ನು ಸ್ವಂತ ಗ್ಯಾರೇಜಾಗಿ ಇಟ್ಟುಕೊಳ್ಳಲು ಆಗುವುದಿಲ್ಲ.

ಎಲ್ಲರ ಮಾತಿನಿಂದ ಕರಡನ್ನು ಹೀಗೆ ಬರೆದಿದ್ದೇನೆ. ಸದರಿ ರಸ್ತೆಯಲ್ಲಿ ಒಂದು ತಿಂಗಳ ಅವಧಿಗೆ ಎಲ್ಲ ವಾಹನಗಳಿಗೂ ಗಂಟೆಗೆ 20 ಕಿ.ಮೀ. ವೇಗಮಿತಿಯನ್ನು ಕಲಂ 112ರ ಅಡಿ ವಿಧಿಸಿ, ಎರಡೂ ತುದಿಗಳಲ್ಲಿ ಇಲಾಖೆಯಿಂದಲೇ ಫಲಕ ನೆಡಬೇಕು. ಅದೇ ತಿಂಗಳಲ್ಲಿ ನಿಲುಗಡೆಯ ಗುರುತುಗಳನ್ನು ಬಣ್ಣದಲ್ಲಿ ಮಾತ್ರ ಎಳೆದು, ಸಿಮೆಂಟಿನ ಕುಂಡಗಳಿಂದ ಓರೆ ತಿರುವನ್ನು ತಾತ್ಕಾಲಿಕವಾಗಿ ಮಾಡಿ ನೋಡಬೇಕು. ಸರಿಹೋದರೆ ಮುಂದೆ ಪಾಲಿಕೆ ಕಲ್ಲಿನ ವೇದಿಕೆ ಕಟ್ಟಬೇಕು. ಒಂದು ಬದಿಯ ಕಾಂಪೌಂಡಿಗೆ ಹೊಂದಿಕೊಂಡು ಒರಟು ಕಲ್ಲಿನ ನಡಿಗೆಪಟ್ಟಿ ಇರಬೇಕು ಮತ್ತು ಅದರ ಮೇಲೆ ಚಾಚಿದ ರ‍್ಯಾಂಪುಗಳನ್ನು ಆಯಾ ಮನೆಯವರು ತಾವೇ ತೆಗೆಯಬೇಕು. ಟಂಟಂ, ಆಟೋ, ಶಾಲಾ ವಾಹನಗಳು ಜನರನ್ನು ಹತ್ತಿಸಿ ಇಳಿಸಲು ಯಾವ ನಿರ್ಬಂಧವನ್ನೂ ನಾವು ಕೇಳುವುದಿಲ್ಲ. ಈಗಿರುವ ಗೇಣು ಅಗಲದ ಎರಡು ಉಬ್ಬುಗಳನ್ನು ತೆಗೆಸಬೇಕೆಂದೂ ಕೇಳುತ್ತೇವೆ.

ಪ್ರಯೋಗದ ಮೊದಲು ಮತ್ತು ನಡುವೆ ಸಂಜೆ 6ರಿಂದ 8ರವರೆಗೆ ವಾಹನಗಳನ್ನೂ ನಡೆಯುವವರನ್ನೂ ಎಣಿಸಿ ಬರೆದಿಡಬೇಕು, ಇಲ್ಲವಾದರೆ ಫಲಿತಾಂಶದ ಬಗ್ಗೆ ಯಾರು ಕೇಳಿದರೂ ನಮ್ಮಲ್ಲಿ ಉತ್ತರವಿರುವುದಿಲ್ಲ. ಶಿಕ್ಷಕಿ ಅಕ್ಕನವರು ತಮ್ಮ ಹತ್ತನೆಯ ತರಗತಿಯ ಮಕ್ಕಳಿಂದ ಈ ಎಣಿಕೆ ಮಾಡಿಸಲು ಸಾಧ್ಯವೇ ಎಂದು ಕೇಳುತ್ತೇನೆ.

ಶಾಲಾ ಶಿಕ್ಷಕಿ:

ಮಾಡಿಸಬಹುದು, ಪೋಷಕರ ಒಪ್ಪಿಗೆ ಪಡೆದು, ಮಕ್ಕಳನ್ನು ರಸ್ತೆಯಲ್ಲಿ ನಿಲ್ಲಿಸದೆ ಯಾರದಾದರೂ ಮನೆಯ ಕಟ್ಟೆಯ ಮೇಲೆ ಕೂರಿಸುವ ವ್ಯವಸ್ಥೆ ಇದ್ದರೆ. ಹೆಲ್ಮೆಟ್ ಇಲ್ಲದವರು, ಅಪ್ರಾಪ್ತ ಸವಾರರು ಎಂಬ ಎರಡು ಕಾಲಂಗಳನ್ನೂ ಸೇರಿಸುತ್ತೇನೆ.

ಟಂಟಂ ಚಾಲಕ:

ಹತ್ತಿಸಿ ಇಳಿಸುವ ಸಾಲನ್ನು ಸೇರಿಸಿದ್ದಕ್ಕೆ ಧನ್ಯವಾದ ಸರ್. ನಮ್ಮ ಸ್ಟ್ಯಾಂಡಿನಲ್ಲಿ ಈ ಮಿತಿಯ ಬಗ್ಗೆ ನಾನೇ ಎಲ್ಲರಿಗೂ ಹೇಳುತ್ತೇನೆ. ಮುಖ್ಯರಸ್ತೆಯ ಡಿವೈಡರಿನಲ್ಲಿ ಹತ್ತಿರದ ತಿರುವೊಂದನ್ನು ಕೊಡಬೇಕೆಂಬ ಮಾತನ್ನೂ ಅದೇ ಕಾಗದದಲ್ಲಿ ಬರೆದರೆ, ಈ ಓಣಿಗೆ ಹಾಯ್ದುಬರುವ ಗಾಡಿಗಳು ಅರ್ಧ ಕಡಿಮೆಯಾಗಬಹುದು ಎಂಬುದು ನನ್ನ ಅಂದಾಜು.

ಕಿರಾಣಿ ಅಂಗಡಿಯವರು:

ಬೆಳಿಗ್ಗೆ 8ರೊಳಗೆ ಮಾಲು ಇಳಿಸಿಕೊಳ್ಳಲು ನಾನು ಒಪ್ಪುತ್ತೇನೆ. ಗಂಜ್‌ನ ಗಾಡಿಯವರಿಗೆ ಹೇಳಿದರೆ ಅವರೂ ಕೇಳುತ್ತಾರೆ. ಗುರುತಿನ ಜಾಗವನ್ನು ಬಣ್ಣ ಹಚ್ಚುವ ಮೊದಲು ಸೀಮೆಸುಣ್ಣದಲ್ಲಿ ಎಳೆದು ಎಲ್ಲ ಮನೆಯವರಿಗೂ ತೋರಿಸಬೇಕು. ಸಹಿಯ ಕಾಗದವನ್ನು ನನ್ನ ಅಂಗಡಿಯಲ್ಲಿಯೇ ಇಡಿ, ಹಾಲಿಗೆ ಬರುವ ಪ್ರತಿ ಮನೆಯವರಿಗೂ ಓದಲು ಕೊಡುತ್ತೇನೆ.